ಮೂವತ್ತೇಳನೇ ಡಬ್ಬಿ

ಗುರುಶಾಂತಮ್ಮನಿಗೆ ಗಂಡನನ್ನು ಕಂಡರೆ ಆಗುತ್ತಿರಲಿಲ್ಲ ಎಂದರೆ ಅರ್ಧ ಸತ್ಯ, ಕಾಣದಿದ್ದಾಗಲೂ ಆಗುತ್ತಿರಲಿಲ್ಲ. ಮದುವೆಯಾಗಿ ಮೂವತ್ತೆಂಟು ವರ್ಷ. ಅಷ್ಟು ವರ್ಷಗಳಲ್ಲಿ ಗಂಗಾಧರಯ್ಯ ಮಾಡಿದ ಪೆದ್ದುತನಗಳಲ್ಲಿ ಒಂದನ್ನೂ ಅವಳು ಮರೆತಿರಲಿಲ್ಲ. ಬೇಳೆ ಬೇಯುವಷ್ಟು ಹೊತ್ತಿನಲ್ಲಿ ಅವನ್ನೆಲ್ಲ ಒಂದು ಸುತ್ತು ಮೆಲುಕು ಹಾಕಿ ಮುಗಿಸುತ್ತಿದ್ದಳು. ಅವನು ಸಿಂಗಟಗೆರೆಯಲ್ಲಿ ಒಂದೇ ಒಂದು ಸಲ ಸೊಸೈಟಿ ಡೈರೆಕ್ಟರ್ ಆಗಿದ್ದ. ಮುಂದಿನ ಚುನಾವಣೆಯಲ್ಲಿ ಸೋತ. ಸೋತು ಹತ್ತು ವರ್ಷವಾದರೂ ಗೇಟಿನ ಹಲಗೆಯಲ್ಲಿ ಅವನ ಹೆಸರಿನ ಕೆಳಗೆ ‘ಡೈರೆಕ್ಟರ್’ ಎಂದೇ ಇತ್ತು. ‘ಮಾಜಿ’ ಎಂಬ ಎರಡಕ್ಷರ ಬರೆಯಲು ಈ ಸೀಮೆಯಲ್ಲಿ ಒಬ್ಬ ಪೇಂಟರೂ ಸಿಗಲಿಲ್ಲವಂತೆ.

ಅವನ ಪೆದ್ದುತನಗಳಲ್ಲೆಲ್ಲ ದೊಡ್ಡದು ಮನೆಯ ಪಡುವಣ ಮಗ್ಗುಲಿನಲ್ಲಿತ್ತು. ಒಬ್ಬಳೇ ಮಗಳು ಸುಮನಾಳ ಮದುವೆಯಾದಾಗ ಅಳಿಯ ಪ್ರಸನ್ನಕುಮಾರ್ ಮನೆ ಅಳಿಯನಾಗಿ ಬರಲು ಒಪ್ಪಿದ, ಆದರೆ ಬಚ್ಚಲು ಸೇರಿದ ಕೋಣೆ ಬೇಕು ಎಂದ. ಮಾವನ ಮನೆಗೆ ಬಂದು ಬೀಳುವವನಿಗೆ ಷರತ್ತು ಬೇರೆ ಕೇಡು ಎಂದು ಗುರುಶಾಂತಮ್ಮ ಮೂಗು ಮುರಿದಳು. ಗಂಗಾಧರಯ್ಯ ಮಾತ್ರ ಪಕ್ಕದ ಅಂಗಳಕ್ಕೆ ತಾರಸಿ ಹಾಕಿಸಿ ಕೋಣೆ ಎಬ್ಬಿಸಿಯೇಬಿಟ್ಟ. ಆ ಅಂಗಳದಲ್ಲಿ ಹಳೇ ಕಾಲದ ಹಗೇವು ಇತ್ತು. ನೆಲದೊಳಗೆ ಎರಡಾಳು ಆಳಕ್ಕೆ ಕೊರೆದ ರಾಗಿಯ ಗುಂಡಿ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ರಾಗಿ ತುಂಬಿಡುವುದು ನಿಂತು ಮೂವತ್ತು ವರ್ಷವಾಗಿತ್ತು. ಮಣ್ಣು ತುಂಬಿ ದಿಮ್ಮಸು ಹಾಕಿಸಿ ಗಟ್ಟಿ ಮಾಡಿಸಿ ಸ್ವಾಮಿ, ಆಮೇಲೆ ನೆಲ ಹಾಸೋಣ ಎಂದು ಗಾರೆಯವನು ಬೇಡಿಕೊಂಡ. ಅನ್ನ ಕೊಟ್ಟ ಬಾಯಿಗೆ ಮಣ್ಣು ಹಾಕುವುದೇ ಎಂದು ಗಂಗಾಧರಯ್ಯ ಕಣ್ಣು ಮುಚ್ಚಿ ಕೈ ಮುಗಿದ. ಹಗೇವಿನ ಬಾಯಿಗೆ ಹಳೇ ಚಪ್ಪಡಿಯನ್ನೇ ಮುಚ್ಚಿಸಿ ಮೇಲೆ ಕರೀ ಗ್ರಾನೈಟ್ ಹಾಸಿಸಿದ. ಧರ್ಮವೂ ಆಯಿತು, ಟ್ರ್ಯಾಕ್ಟರ್ ಮಣ್ಣಿನ ಖರ್ಚೂ ಉಳಿಯಿತು. ಗ್ರಾನೈಟ್ ಎರಡೇ ವರ್ಷಕ್ಕೆ ಸಂದಿಯಲ್ಲಿ ಬಿರುಕು ಬಿಟ್ಟಿತು.

ಮದುವೆಯಾಗಿ ಏಳು ವರ್ಷಕ್ಕೆ ಸುಮನಾಳಿಗೆ ಹೆಣ್ಣು ಮಗುವಾಯಿತು. ಬಾಣಂತನ ಅದೇ ಕೋಣೆಯಲ್ಲಿ. ಬಾಣಂತಿಗೆ ಗಾಳಿ ಸೋಕಿದರೆ ಮುದುಕಿಯಾದ ಮೇಲೂ ಮೈಕೈ ನೋವು ಬಿಡುವುದಿಲ್ಲವೆಂದು ಗುರುಶಾಂತಮ್ಮ ತನ್ನ ತಾಯಿಯಿಂದ ಕಲಿತಿದ್ದಳು, ತಾಯಿ ಅವಳ ತಾಯಿಯಿಂದ. ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದನ್ನು ಮುಚ್ಚಿ ಸಂದಿಗೆಲ್ಲ ಹಳೇ ಸೀರೆ ತುರುಕಿದಳು. ಬಾಗಿಲ ಕೆಳಗಿನ ಬೆಳಕು ಕಾಣುವ ಕಡೆಗೂ ಗೋಣಿಚೀಲ ಸುತ್ತಿ ಒತ್ತಿದಳು. ಬೆಳಿಗ್ಗೆ ಸಾಂಬ್ರಾಣಿ ಹೊಗೆ, ಸಂಜೆ ಸಾಂಬ್ರಾಣಿ ಹೊಗೆ. ಒಳಗೆ ಹೋದವರಿಗೆ ಉಸಿರು ಕಟ್ಟುತ್ತಿತ್ತು, ಅದೇ ಒಳ್ಳೆಯ ಬಾಣಂತನದ ಗುರುತು ಎಂದು ಅವಳಿಗೆ ಸಮಾಧಾನ.

ಮಗುವಿಗೆ ಒಂದು ತಿಂಗಳು ತುಂಬಿದಾಗ ಪ್ರಜ್ಞಾ ಬಂದಳು.

ಪ್ರಜ್ಞಾ ಅದೇ ಊರಿನ ಕೆಳಗಲಕೇರಿಯ ಲಕ್ಷ್ಮಣಪ್ಪನ ಮಗಳು. ಫಿಸಿಕ್ಸ್ ಓದಿ ಕಡೂರಿನಲ್ಲಿ ಕಾಲೇಜು ಮಕ್ಕಳಿಗೆ ಪಾಠ ಹೇಳುತ್ತ ತನ್ನ ಪಿಎಚ್‌ಡಿಗೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಅರವತ್ತು ಮನೆಗಳಲ್ಲಿ ಗಾಳಿ ಪರೀಕ್ಷೆ ಮಾಡುತ್ತಿದ್ದಳು. ಸ್ಕೂಟಿಯ ಡಿಕ್ಕಿ ತುಂಬ ಡಬ್ಬಿ. ಗಂಗಾಧರಯ್ಯನಿಗೆ ಪರೀಕ್ಷೆ ಯಾಕೆಂದು ಗೊತ್ತಾಗಲಿಲ್ಲ, ಊರಿನಲ್ಲಿ ಆರಿಸಿದ್ದು ಎರಡೇ ಮನೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಾಯಿತು. ಆರಿಸುವುದು ಅಂದರೆ ಸಾಕು, ಆ ಮನುಷ್ಯ ಯಾವುದಕ್ಕಾದರೂ ನಿಂತುಬಿಡುತ್ತಿದ್ದ.

ಪ್ರಜ್ಞಾ ನಿಧಾನವಾಗಿ ಬಿಡಿಸಿ ಹೇಳಿದಳು. ಕಲ್ಲು ಮಣ್ಣಿನೊಳಗಿಂದ ರೇಡಾನ್ ಎಂಬ ಒಂದು ಗಾಳಿ ಏಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಿನಲ್ಲಿ ಚೆದುರಿಹೋಗುತ್ತದೆ, ಮುಚ್ಚಿದ ಮನೆಯಲ್ಲಿ ನಿಂತುಕೊಳ್ಳುತ್ತದೆ. ಇವತ್ತು ನಾಳೆ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಅದನ್ನೇ ಉಸಿರಾಡಿದರೆ ಶ್ವಾಸಕೋಶಕ್ಕೆ ಕ್ಯಾನ್ಸರ್ ಬರುವ ಸಂಭವ ಹೆಚ್ಚುತ್ತದೆ. ಡಬ್ಬಿಯೊಳಗಿನ ತೆಳುವಾದ ಹಾಳೆಯ ಮೇಲೆ ಆ ಗಾಳಿ ಗುರುತು ಬಿಡುತ್ತದೆ. ಮೂರು ತಿಂಗಳು ಬಿಟ್ಟು, ಹಾಳೆ ತೊಳೆದು, ಮೈಕ್ರೋಸ್ಕೋಪಿನಲ್ಲಿ ಗುರುತು ಎಣಿಸಬೇಕು. ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮುಚ್ಚಿರುವ, ಹೆಚ್ಚು ಹೊತ್ತು ಜನ ಮಲಗುವ ಕೋಣೆ ಯಾವುದು ಎಂದು ಕೇಳಿದವಳು, ಉತ್ತರಕ್ಕೆ ಕಾಯದೆ ಪಡುವಣ ಕೋಣೆಯ ಕಡೆ ತಿರುಗಿದಳು.

“ಹಗೇವು ಇದರಡಿಗೇ ಬಂತಲ್ವಾ? ನಮ್ಮ ತಾತ ಇಳೀತಿದ್ದ ಹಗೇವು,” ಎಂದಳು.

ಗಂಗಾಧರಯ್ಯ ಕೇಳಿಸದವನಂತೆ ಮೀಸೆ ಸವರಿಕೊಂಡ. ಮಾತು ನಿಜವೇ ಆಗಿತ್ತು. ಈ ಮನೆಯ ರಾಗಿಯನ್ನು ಮೂವತ್ತು ವರ್ಷ ಹಗೇವಿಗೆ ತುಂಬಿದವನು, ತೆಗೆದವನು ಲಕ್ಷ್ಮಣಪ್ಪನ ಅಪ್ಪ. ಆ ಕೈ ಮುಟ್ಟಿದ ರಾಗಿಯನ್ನು ಮನೆಮಂದಿಯೆಲ್ಲ ಮುದ್ದೆ ಮಾಡಿ ನುಂಗಿ ಅರಗಿಸಿಕೊಂಡಿದ್ದರು. ಆದರೆ ಅವನನ್ನು ಅಂಗಳದಿಂದ ಈಚೆಗೆ ಬಿಟ್ಟಿರಲಿಲ್ಲ. ಈಗ ಅಂಗಳವೇ ಕೋಣೆಯಾಗಿ, ಅವನ ಮೊಮ್ಮಗಳು ಚಪ್ಪಲಿ ಬಿಟ್ಟು ಒಳಗೇ ಬಂದಳು. ತೊಟ್ಟಿಲಿನಿಂದ ಒಂದು ಮಾರು ದೂರಕ್ಕೆ, ಮೊಳೆಗೆ ದಾರ ಕಟ್ಟಿ ಡಬ್ಬಿ ನೇತುಹಾಕಿದಳು. ಮೆಣಸಿನ ಡಬ್ಬಿಯಷ್ಟು ಗಾತ್ರ, ತಲೆಯ ಮೇಲೆ ಸೂಜಿಯಂಥ ತೂತು, ಹೊಟ್ಟೆಯ ಮೇಲೆ ಮೂವತ್ತೇಳು ಎಂಬ ಚೀಟಿ. ಹಾಸಿಗೆಯ ಮೇಲಿದ್ದ ಸುಮನಾ ಅವಳನ್ನು ಕಂಡು ಖುಷಿಪಟ್ಟಳು. ಇಬ್ಬರೂ ಒಂದೇ ಹೈಸ್ಕೂಲಿನವರು. ಹೋಗುವಾಗ ಪ್ರಜ್ಞಾ ಬಾಗಿಲಲ್ಲಿ ನಿಂತು, ಡಬ್ಬಿಯನ್ನು ಗೇಣುದ್ದವೂ ಆಚೀಚೆ ಮಾಡಬೇಡಿ, ಮಾಡಿದರೆ ಮೂರು ತಿಂಗಳು ವ್ಯರ್ಥ ಎಂದು ಎರಡು ಸಲ ಹೇಳಿದಳು. ಗುರುಶಾಂತಮ್ಮ ಆಗಲಿ ಕಣಮ್ಮ ಎಂದಳು. ಕುಡಿಯಲು ನೀರನ್ನೂ ಕೊಟ್ಟಳು, ಕಾಗದದ ಲೋಟದಲ್ಲಿ. ಪ್ರಜ್ಞಾ ಲೋಟವನ್ನು ನೋಡಿ, ಬಾಟಲಿ ತಂದಿದ್ದೀನಿ ಎಂದು ಹೊರಟಳು.

ಅವಳ ಸ್ಕೂಟಿ ತಿರುವು ದಾಟಿರಲಿಲ್ಲ, ಗುರುಶಾಂತಮ್ಮನಿಗೆ ಮೈಮೇಲೆ ಕಂಬಳಿಹುಳ ಬಿಟ್ಟ ಹಾಗಾಯಿತು. ಕೂತರೂ ಡಬ್ಬಿ, ನಿಂತರೂ ಡಬ್ಬಿ. ಹಸುಗೂಸಿನ ಎದುರಿಗೆ ಏನೋ ಒಂದು ನೇತಾಡುತ್ತಿದ್ದರೆ ದೃಷ್ಟಿಯಾಗುತ್ತದೆ ಎಂದು ತನಗೇ ಹೇಳಿಕೊಂಡಳು. ದೃಷ್ಟಿಯೂ ಅಲ್ಲ, ಮಣ್ಣಾಂಗಟ್ಟಿಯೂ ಅಲ್ಲ. ಅದೇ ತೊಟ್ಟಿಲಿಗೆ ಪ್ರಸನ್ನಕುಮಾರ್ ಕಡೂರಿನಿಂದ ತಂದ ಪ್ಲಾಸ್ಟಿಕ್ ಗಿಳಿ, ಆನೆ, ಕೋತಿ ಎಲ್ಲ ನೇತಾಡುತ್ತಿದ್ದವು, ಅವಕ್ಕೆ ಯಾವ ದೃಷ್ಟಿಯೂ ಇರಲಿಲ್ಲ. ಸುಮನಾ ಬಚ್ಚಲಲ್ಲಿ ಎರೆದುಕೊಳ್ಳುತ್ತಿದ್ದಳು. ಗುರುಶಾಂತಮ್ಮ ಕೈಗೆ ಹಳೇ ಬಟ್ಟೆ ಸುತ್ತಿಕೊಂಡು ಡಬ್ಬಿ ಬಿಚ್ಚಿದಳು. ಹಿತ್ತಿಲ ಕೊಟ್ಟಿಗೆಗೆ ಒಯ್ದು ಗಳುವಿಗೆ ಕಟ್ಟಿದಳು. ದನಗಳನ್ನು ಮಾರಿ ಎಷ್ಟೋ ಕಾಲವಾಗಿತ್ತು, ಮೂರು ಕಡೆ ಗೋಡೆಯಿಲ್ಲದ ಆ ಕೊಟ್ಟಿಗೆಯಲ್ಲಿ ತೆಂಗಿನ ಮಟ್ಟೆ ಒಟ್ಟಿದ್ದರು, ಕೆರೆಯ ಕಡೆಯ ಗಾಳಿ ಸುಯ್ಯೆಂದು ಹಾಯುತ್ತಿತ್ತು. ಒಳಗೆ ಬಂದು ಹೊಸ್ತಿಲಿಗೆ ಸೀಸೆಯಲ್ಲಿದ್ದ ಗಂಜಲ ಚಿಮುಕಿಸಿ ಕೈ ತೊಳೆದುಕೊಂಡಳು. ಸುಮನಾ ಕೇಳಿದ್ದಕ್ಕೆ ಆ ಹುಡುಗಿಯೇ ಜಾಗ ಬದಲಾಯಿಸಿದಳೆಂದಳು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಅದು ಸುಳ್ಳು ಅನ್ನಿಸಲಿಲ್ಲ.

ಆ ಹೊತ್ತಿಗೆ ಗಂಗಾಧರಯ್ಯ ತನ್ನ ವಿಜ್ಞಾನ ಶುರು ಮಾಡಿಕೊಂಡಿದ್ದ. ಹಿಂದೆ ಹಗೇವು ತೆರೆದರೆ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ. ಒಂದು ದಿನ ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಆಳು ಇಳಿಯುತ್ತಿದ್ದ. ಆರಿದರೆ ಒಳಗೆ ಕೆಟ್ಟ ಗಾಳಿ ಇದೆಯೆಂದು ಅರ್ಥ. ಸುತ್ತಿನ ಹಳ್ಳಿಯವರೆಲ್ಲ ಬಲ್ಲ ಸಂಗತಿ, ರಾಗಿಯ ಬಿಸಿಗೆ ಹುಟ್ಟುವ ಗಾಳಿಗೆ ಅದು ಸರಿಯೇ. ಗಂಗಾಧರಯ್ಯ ಹಿತ್ತಾಳೆ ದೀಪ ಹಚ್ಚಿಕೊಂಡು ಬಾಣಂತಿ ಕೋಣೆಗೆ ಬಂದು, ಬಿರುಕುಬಿಟ್ಟ ಗ್ರಾನೈಟಿನ ಮೇಲೆ ಇಟ್ಟು, ಕಾಲು ಗಂಟೆ ಕುಕ್ಕರುಗಾಲಲ್ಲಿ ಕೂತ. ದೀಪ ಚೆನ್ನಾಗಿಯೇ ಉರಿಯಿತು. ಅದೇ ದೀಪ ಹಿಡಿದುಕೊಂಡು ಜಗಲಿಗೆ ಹೋಗಿ, ಹೋಗಿಬರುವವರಿಗೆಲ್ಲ ನಮ್ಮ ಮನೆಯಲ್ಲಿ ಯಾವ ಗ್ಯಾಸೂ ಇಲ್ಲವೆಂದು ಸಾರಿದ. ಹಾಲು ಉಕ್ಕಿದರೂ ವಾಸನೆ ಹತ್ತದ ಈ ಮೂಗು ರೇಡಾನ್ ಹಿಡಿಯುತ್ತದಂತೆ ಎಂದು ಗುರುಶಾಂತಮ್ಮ ಒಳಗೇ ಬೈದುಕೊಂಡಳು. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸುವವರಿಗೇನೂ ಈ ಲೋಕದಲ್ಲಿ ಬರವಿಲ್ಲ.

ಮೂರು ತಿಂಗಳಾದ ಮೇಲೆ ಪ್ರಜ್ಞಾ ಹಿಂದಿನ ದಿನವೇ ಫೋನು ಮಾಡಿ ಬಂದಳು. ಬರುವ ಮುಂಚೆ ಗುರುಶಾಂತಮ್ಮ ಕೊಟ್ಟಿಗೆಯಿಂದ ಡಬ್ಬಿ ತಂದು, ಜೇಡರಬಲೆ ಒರೆಸಿ, ಅದೇ ಮೊಳೆಗೆ ಅದೇ ಗಂಟು ಹಾಕಿಟ್ಟಿದ್ದಳು. ಬಿಚ್ಚುವ ದಿನ ಇಲ್ಲೇ ಇರಬೇಕೆಂದು ಆ ಹುಡುಗಿ ಫೋನಿನಲ್ಲಿ ಹೇಳಿದಳೆಂದು ಸುಮನಾಳಿಗೆ ಇನ್ನೊಂದು ಸುಳ್ಳು ಹೇಳಿದ್ದಳು. ಪ್ರಜ್ಞಾ ಬಿಚ್ಚಿಕೊಂಡು, ಮುಟ್ಟಿಲ್ಲ ತಾನೇ ಎಂದು ಕೇಳಿ, ಇಲ್ಲ ಎಂದು ಕೇಳಿಸಿಕೊಂಡು ಹೋದಳು.

ಇನ್ನೂ ಒಂದು ತಿಂಗಳಿಗೆ ಫಲಿತಾಂಶ ಬಂತು. ಮನೆಯೊಳಗಿನ ಗಾಳಿಗೆ ನೂರರೊಳಗೆ ಇದ್ದರೆ ಚೆನ್ನ, ಮುನ್ನೂರು ದಾಟಿದರೆ ಏನಾದರೂ ಮಾಡಲೇಬೇಕು ಎಂಬುದು ಪ್ರಜ್ಞಾಳ ಲೆಕ್ಕ. ಊರಿನ ಇನ್ನೊಂದು ಮನೆ ತಿಮ್ಮಪ್ಪನದು. ಅವನ ಮನೆಯ ನಡುಕೋಣೆಯ ಅಡಿಯಲ್ಲೂ ಹಗೇವು ಇತ್ತು, ಅಲ್ಲಿ ಆರುನೂರ ನಲವತ್ತು ಬಂದಿತ್ತು. ಗಂಗಾಧರಯ್ಯನ ಮನೆಯಲ್ಲಿ ಹದಿನೆಂಟು.

ಪ್ರಜ್ಞಾಳಿಗೆ ಹದಿನೆಂಟು ನಂಬಲಾಗಲಿಲ್ಲ. ಬಯಲಿನಲ್ಲಿ ಬರುವ ಅಂಕಿ ಅದು, ಇಷ್ಟು ಮುಚ್ಚಿದ ಕೋಣೆಯಲ್ಲಿ, ಅದೂ ಹಗೇವಿನ ಮೇಲೆ ಬರಲು ಸಾಧ್ಯವಿಲ್ಲ ಎಂದಳು. ಮೂರು ಸಲ ಎಣಿಸಿದ್ದಳಂತೆ. ಅವಳ ಗೈಡು, ನೀನೇ ಡಬ್ಬಿ ಸರಿಯಾಗಿ ಮುಚ್ಚಿಲ್ಲ, ಒಂದು ಕಡೆ ಹೀಗಾದರೆ ಉಳಿದ ಐವತ್ತೊಂಬತ್ತನ್ನು ಹೇಗೆ ನಂಬುವುದು ಎಂದು ಬೈದಿದ್ದರಂತೆ. ತಪ್ಪು ನನ್ನದೇ ಇರಬೇಕು, ಇನ್ನೊಂದು ಡಬ್ಬಿ ಕಟ್ಟಲು ಬಿಡಿ ಎಂದು ಕೇಳಿಕೊಂಡಳು.

ಗಂಗಾಧರಯ್ಯ ಬಿಡಲಿಲ್ಲ. ಹದಿನೆಂಟು ಎಂಬುದು ಅವನಿಗೆ ಎರಡನೇ ಸಲ ಡೈರೆಕ್ಟರ್ ಆದಷ್ಟು ಹಿಗ್ಗು ತಂದಿತ್ತು. ಲಿಂಗಪೂಜೆ ನಡೆಯುವ ಮನೆ, ನಮ್ಮಲ್ಲಿ ನೆಲವೂ ಶುದ್ಧ ಗಾಳಿಯೂ ಶುದ್ಧ, ನಾನು ದೀಪದಲ್ಲಿ ಕಂಡದ್ದನ್ನೇ ನಿನ್ನ ಮೆಷಿನ್ನೂ ಹೇಳಿದೆ ಎಂದ. ಮತ್ತೆ ಅಳೆಯುತ್ತೇನೆ ಎನ್ನುವುದು ಮನೆತನಕ್ಕೆ ಅವಮಾನ ಎಂದ. ಪ್ರಜ್ಞಾ ಕಾಗದ ಮಡಿಸಿಕೊಂಡು ಹೋದಳು. ಗುರುಶಾಂತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿ ಒಲೆಯ ಕಡೆ ತಿರುಗಿದಳು. ಹದಿನೆಂಟು ಕೊಟ್ಟಿಗೆಯ ಗಾಳಿಯದು ಎಂದು ಆ ಮನೆಯಲ್ಲಿ ಬಲ್ಲವಳು ಅವಳೊಬ್ಬಳೇ.

ಮೊದಲ ವಾರ ಅವಳು ಅದನ್ನು ತಳ್ಳಿಹಾಕಿದಳು. ಇಷ್ಟು ಕಾಲ ಹಿಂದಿನವರು ಯಾವ ಡಬ್ಬಿ ಕಟ್ಟಿ ಬದುಕಿದರು? ಆದರೆ ಹಿಂದಿನವರು ಹಗೇವಿನ ಮೇಲೆ ಹಾಸಿಗೆ ಹಾಸಿರಲಿಲ್ಲ. ಅವಳ ಅತ್ತೆ ಹಗೇವಿನ ಚಪ್ಪಡಿಯ ಮೇಲೆ ಮಗು ಕೂತರೂ ಬೈದು ಎಬ್ಬಿಸುತ್ತಿದ್ದಳು. ಅದು ನೆನಪಾದ ದಿನದಿಂದ ಅನ್ನ ಸೇರಲಿಲ್ಲ.

ಹೇಳದೆಯೇ ಸರಿಪಡಿಸಲು ನೋಡಿದಳು. ಹೇಡಿಗಳೆಲ್ಲ ಮೊದಲು ಮಾಡುವುದು ಅದನ್ನೇ. ಮಧ್ಯಾಹ್ನ ಹೋಗಿ ಕಿಟಕಿಯ ಸೀರೆ ಕಿತ್ತು ತೆರೆದಿಟ್ಟಳು. ಸುಮನಾ ಎದ್ದು ಮುಚ್ಚಿದಳು. ಗಾಳಿ ಸೋಕಬಾರದೆಂದು ನೀನೇ ತಾನೆ ಹೇಳಿದ್ದು ಎಂದಳು. ಬಾಣಂತನ ಮುಗಿಯಿತಲ್ಲ, ಹಾಲ್‌ನಲ್ಲಿ ಮಲಗು ಎಂದರೆ ಪ್ರಸನ್ನಕುಮಾರನಿಗೆ ಹಾಲ್‌ನಲ್ಲಿ ನಿದ್ದೆ ಬರುವುದಿಲ್ಲವಂತೆ. ಗ್ರಾನೈಟಿನ ಬಿರುಕಿಗೆ ಸಿಮೆಂಟು ಮೆತ್ತಿಸಿ ಎಂದು ಗಂಡನಿಗೆ ಹೇಳಿದರೆ, ಹದಿನೆಂಟು ಬಂದ ನೆಲಕ್ಕೆ ಯಾಕೆ ಮೆತ್ತಬೇಕು ಎಂದು ನಕ್ಕ.

ಒಂದು ದಿನ ಸಂತೆಗೆ ಹೋಗುವ ನೆಪದಲ್ಲಿ ತಿಮ್ಮಪ್ಪನ ಮನೆಗೆ ಹೋದಳು. ಅವನ ಸೊಸೆ ಬೃಂದಾ ಕರೆದು ತೋರಿಸಿದಳು. ನಡುಕೋಣೆಯ ಮೂಲೆಯಲ್ಲಿ ಚಪ್ಪಡಿಗೆ ತೂತು ಕೊರೆದು ಹಗೇವಿನೊಳಕ್ಕೆ ದಪ್ಪ ಪಿವಿಸಿ ಪೈಪು ಇಳಿಸಿದ್ದರು. ಸುತ್ತ ಸಿಮೆಂಟು ಬಿಗಿದಿತ್ತು, ನೆಲದ ಬಿರುಕುಗಳೆಲ್ಲ ಮುಚ್ಚಿದ್ದವು. ಪೈಪು ಗೋಡೆ ಹತ್ತಿ ತಾರಸಿಯ ಮೇಲಕ್ಕೆ ಹೋಗಿತ್ತು, ಮೇಲೆ ಅದರೊಳಗೊಂದು ಸಣ್ಣ ಫ್ಯಾನು ಹಗಲಿರುಳೂ ಗುಯ್ ಎನ್ನುತ್ತ ನೆಲದಡಿಯ ಗಾಳಿಯನ್ನು ಎಳೆದು ಆಕಾಶಕ್ಕೆ ಬಿಡುತ್ತಿತ್ತು. ಮತ್ತೆ ಡಬ್ಬಿ ಕಟ್ಟಿದ್ದಾರೆ, ಈ ಸಲ ನೂರರೊಳಗೇ ಬರುತ್ತದಂತೆ. ಎರಡು ದಿನದ ಕೆಲಸ, ಪ್ರಜ್ಞಾ ಮೇಡಂ ಗಾರೆಯವನ ಪಕ್ಕದಲ್ಲೇ ನಿಂತು ಮಾಡಿಸಿದರು ಎಂದು ಬೃಂದಾ ಹೊಗಳಿದಳು. ನಿಮಗೇನು ಬಿಡಿ, ಹದಿನೆಂಟಂತಲ್ಲ, ಪುಣ್ಯವಂತರು ಎಂದೂ ಅಂದಳು. ಅವಳು ಕೊಟ್ಟ ಕಾಫಿಯನ್ನು ಗುರುಶಾಂತಮ್ಮ ಅರ್ಧಕ್ಕೆ ಬಿಟ್ಟು ಎದ್ದಳು.

ಮನೆಗೆ ಬಂದರೆ ಹೊಸ ಸುದ್ದಿ. ಮಾವ ಅಳಿಯ ಸೇರಿ ಕೋಣೆಗೆ ಎಸಿ ಹಾಕಿಸುತ್ತಾರಂತೆ. ಇಷ್ಟು ಒಳ್ಳೆಯ ಗಾಳಿಯನ್ನು ತಣ್ಣಗೂ ಮಾಡೋಣ ಎಂದು ಗಂಗಾಧರಯ್ಯನ ತಮಾಷೆ. ಕಿಟಕಿ ಕಿತ್ತು ತೆರೆಯಲಾಗದ ಗಾಜು ಕೂರಿಸಲು ಸೋಮವಾರ ಕಡೂರಿನಿಂದ ಜನ ಬರುವವರಿದ್ದರು.

ಆ ಶನಿವಾರ ಮಗು ಮೊದಲ ಸಲ ಬೋರಲು ಬಿತ್ತು. ಅಂಥ ದಿನ ಮನೆಯಲ್ಲಿ ಸಿಹಿ ಮಾಡಬೇಕು. ಗುರುಶಾಂತಮ್ಮ ಹೂರಣ ಅರೆಯುತ್ತಿದ್ದಾಗ ಸುಮನಾ ಕೂಗಿ ಕರೆದಳು. ಹೋಗಿ ನೋಡಿದರೆ ಮಗು ಚಾಪೆಯಿಂದ ಉರುಳಿ ಬರಿ ಗ್ರಾನೈಟಿನ ಮೇಲೆ ಬೋರಲಾಗಿ ಮಲಗಿತ್ತು. ತಣ್ಣನೆಯ ಕಲ್ಲು ಹಿತವಾಗಿ, ಮೂಗು ಬಾಯಿ ಎರಡನ್ನೂ ಬಿರುಕಿಗೆ ಹಚ್ಚಿ, ಜೊಲ್ಲು ಸುರಿಸುತ್ತ ನಗುತ್ತಿತ್ತು. ಸುಮನಾ ಫೋಟೋ ತೆಗೆಯುತ್ತಿದ್ದಳು. ಗುರುಶಾಂತಮ್ಮ ಹೂರಣದ ಕೈಯಲ್ಲೇ ಕೂಸನ್ನು ಬಾಚಿ ಎತ್ತಿಕೊಂಡಳು. ಏಳು ವರ್ಷ ಕಾದು ಹುಟ್ಟಿದ ಕೂಸು ಮುಂದೆ ಹತ್ತೋ ಇಪ್ಪತ್ತೋ ವರ್ಷ ಇದೇ ಕೋಣೆಯಲ್ಲಿ ಗಾಜು ಜಡಿದುಕೊಂಡು ಮಲಗುತ್ತದೆ ಎಂಬುದು ಅವಳಿಗೆ ಆಗ ನಿಜವಾಗಿ ಕಂಡಿತು.

ಅದೇ ಹೊತ್ತಿಗೆ ಜಗಲಿಯಲ್ಲಿ ಪ್ರಜ್ಞಾಳ ದನಿ. ವರದಿ ಒಪ್ಪಿಸಬೇಕಾದ ದಿನ ಬಂದಿತ್ತು, ಕೊನೆಯ ಸಲ ಕೇಳಿ ಹೋಗೋಣವೆಂದು ಬಂದಿದ್ದಳು. ಗಂಗಾಧರಯ್ಯ ಕೂತಲ್ಲಿಂದ ಏಳದೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಿನಗೆ ಎಣಿಸಲು ಬರದಿದ್ದರೆ ನಮ್ಮ ಮನೆಯ ಮೇಲೆ ಯಾಕೆ ಹಾಕುತ್ತೀಯ, ಓದಿದರೆ ಸಾಲದು ಕಣಮ್ಮ, ಕೈಯಲ್ಲಿ ಕೆಲಸ ಇರಬೇಕು ಎನ್ನುತ್ತಿದ್ದ. ಪ್ರಜ್ಞಾ ಮೆಟ್ಟಿಲ ಕೆಳಗೆ ಫಾರಂ ಹಿಡಿದು ನಿಂತಿದ್ದಳು. ಕಾರಣ ಎಂಬ ಕಡೆ ‘ಡಬ್ಬಿ ಕಟ್ಟಿದವರ ತಪ್ಪು’ ಎಂದು ತನ್ನ ಕೈಯಲ್ಲೇ ಬರೆದು ಸಹಿ ಹಾಕುವುದಕ್ಕೆ ಪೆನ್ನು ತೆಗೆದಿದ್ದಳು.

ಗುರುಶಾಂತಮ್ಮ ಕೂಸನ್ನು ಎತ್ತಿಕೊಂಡೇ ಹೊರಗೆ ಬಂದಳು.

“ಅದನ್ನ ಬರೀಬ್ಯಾಡ,” ಎಂದಳು. “ಡಬ್ಬಿ ಆ ಕೋಣೇಲಿ ಇರ್ಲಿಲ್ಲ. ನೀನು ಹೋದ ಅರ್ಧ ಗಂಟೇಲಿ ತೆಗೆದು ಹಿತ್ಲು ಕೊಟ್ಟಿಗೇಲಿ ಕಟ್ಟಿದ್ದೆ. ನೀನು ಬರೋ ದಿನ ತಂದು ನೇತಾಕ್ದೆ.”

ಪ್ರಜ್ಞಾ ಪೆನ್ನು ಇಳಿಸಿದಳು. ಆಮೇಲೆ ಕೇಳಿದ್ದು ಒಂದೇ ಮಾತು.

“ಯಾಕೆ ತೆಗೆದ್ರಿ ಅಮ್ಮಾ?”

ದೃಷ್ಟಿ ಎನ್ನುವ ಮಾತು ಗುರುಶಾಂತಮ್ಮನ ನಾಲಿಗೆಯ ತುದಿಗೇ ಬಂದಿತ್ತು. ಹೇಳಿದ್ದರೆ ಎಲ್ಲರೂ ನಂಬುತ್ತಿದ್ದರು, ಪ್ರಜ್ಞಾಳೂ ನಂಬಿದ ಹಾಗೆ ಮಾಡುತ್ತಿದ್ದಳು. ಆದರೆ ಸುಳ್ಳಿನ ರುಚಿ ಐದು ತಿಂಗಳಿಂದ ನೋಡಿ ಅವಳಿಗೆ ಸಾಕಾಗಿತ್ತು.

“ನೀನು ಮುಟ್ಟಿದ್ದು ಅಂತ,” ಎಂದಳು. “ಕೈಗೆ ಬಟ್ಟೆ ಸುತ್ಕೊಂಡು ತೆಗ್ದೆ.”

ಬೀದಿಯಲ್ಲಿ ಯಾರದೋ ಬೈಕು ಹಾದುಹೋಯಿತು. ಪ್ರಜ್ಞಾಳ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ, ಅದೇ ಗುರುಶಾಂತಮ್ಮನಿಗೆ ತಡೆಯಲಾಗಲಿಲ್ಲ. ಫಾರಮ್ಮನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ ಪ್ರಜ್ಞಾ ಅಂದಳು:

“ಅದನ್ನ ಬರ್ಕೊಳ್ಳೋಕೆ ಇದ್ರಲ್ಲಿ ಜಾಗ ಇಲ್ಲ. ಸ್ಥಳ ಬದಲಾಗಿತ್ತು ಅಂತ ಬರೀತೀನಿ.”

ಗುರುಶಾಂತಮ್ಮ ಗಂಡನ ಕಡೆ ತಿರುಗಿದಳು. ಅವನು ಕೂಗಾಡುತ್ತಾನೆ, ಮನೆಯ ಮಾನ ಕಳೆದೆ ಎನ್ನುತ್ತಾನೆ, ಮಗಳ ಮತ್ತು ಕೂಸಿನ ಜೀವದ ಜೊತೆ ಆಟವಾಡಿದೆ ಎನ್ನುತ್ತಾನೆ ಎಂದು ಕಾದಳು. ಬೈಸಿಕೊಳ್ಳಬೇಕೆಂದು ಮೂವತ್ತೆಂಟು ವರ್ಷದಲ್ಲಿ ಅವಳಿಗೆ ಮೊದಲ ಸಲ ಆಸೆಯಾಗಿತ್ತು. ಗಂಗಾಧರಯ್ಯನ ಮುಖ ನಿಧಾನವಾಗಿ ಅರಳಿತು.

“ಅವಳು ಮಾಡಿದ್ರಲ್ಲಿ ತಪ್ಪೇನೈತೆ?” ಎಂದ. “ಬಾಣಂತಿ ಮನೆ. ನಾನೇ ತೆಗೆದು ಆಚೆ ಇಡ್ಬೇಕು ಅಂತಿದ್ದೆ ಕಣಮ್ಮ, ನನಗಿಂತ ಮುಂಚೆ ಇವಳಿಗೇ ಹೊಳೀತು. ನಾವಿಬ್ರೂ ಎಷ್ಟೇ ಕಿತ್ತಾಡಿದ್ರೂ, ಇಂಥದ್ರಲ್ಲಿ ನಮ್ಮಿಬ್ರುದೂ ಒಂದೇ ಬುದ್ಧಿ.”

ಮದುವೆಯಾದ ಲಾಗಾಯ್ತು ಅವನು ಬೇರೆಯವರ ಎದುರಿಗೆ ಅವಳ ಪರ ಆಡಿದ ಮೊದಲ ಮಾತು ಅದು. ಗುರುಶಾಂತಮ್ಮ ಬಾಯಿ ತೆರೆದಳು. ಇವನಿಗೆ ಎಸೆಯಲೆಂದು ಕೂಡಿಟ್ಟ ಮಾತು ಒಂದೆರಡಲ್ಲ, ಪೆದ್ದ, ಡಂಬಾಚಾರಿ, ತಲೆಯಲ್ಲಿ ತೆಂಗಿನ ಜುಂಗು ತುಂಬಿದವನು, ಎಲ್ಲ ಇದ್ದವು. ಯಾವುದನ್ನು ಎತ್ತಿಕೊಂಡರೂ ಅದು ಮೊದಲು ತನಗೇ ಬಂದು ತಾಗುತ್ತಿತ್ತು.

ಬಾಗಿಲ ಹಿಂದೆ ನಿಂತು ಸುಮನಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹೊರಗೆ ಬಂದು ತಾಯಿಯ ತೋಳಿನಿಂದ ಮಗುವನ್ನು ತೆಗೆದುಕೊಂಡಳು. ತಾಯಿಯ ಮುಖ ನೋಡಲಿಲ್ಲ, ಅಪ್ಪನದನ್ನೂ ನೋಡಲಿಲ್ಲ.

“ಪ್ರಜ್ಞಕ್ಕ, ಒಳಗ್ ಬನ್ನಿ,” ಎಂದಳು. “ಇನ್ನೊಂದು ಡಬ್ಬಿ ತಂದಿದ್ರೆ ಕಟ್ಟಿ. ನಾನು ಕಾಯ್ತೀನಿ.”

ಅವತ್ತೇ ಸುಮನಾ ಹಾಸಿಗೆ ಎತ್ತಿಕೊಂಡು ಹಾಲ್‌ಗೆ ಬಂದಳು, ಪ್ರಸನ್ನಕುಮಾರನಿಗೆ ನಿದ್ದೆ ಬಂದರೆ ಬರಲಿ ಬಿಟ್ಟರೆ ಬಿಡಲಿ ಎಂದಳು. ಸೋಮವಾರ ಬಂದ ಎಸಿಯವರನ್ನು ವಾಪಸು ಕಳಿಸಿದಳು. ಡಬ್ಬಿ ಕಟ್ಟಿದ ಕೋಣೆಗೆ ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ತಾಯಿ ಕೇಳಿದರೂ ಕೊಡಲಿಲ್ಲ. ಮೂರು ತಿಂಗಳ ಮೇಲೆ ಬಂದ ಅಂಕಿ ಏಳುನೂರ ತೊಂಬತ್ತು, ತಿಮ್ಮಪ್ಪನ ಮನೆಗಿಂತ ನೂರೈವತ್ತು ಹೆಚ್ಚು. ಗ್ರಾನೈಟ್ ಕಿತ್ತು, ಬಿರುಕು ಮುಚ್ಚಿ, ಹಗೇವಿಗೆ ಪೈಪು ಇಳಿಸಿ, ತಾರಸಿಯ ಮೇಲೆ ಫ್ಯಾನು ಕೂರಿಸಿದರು. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ ಹಗಲೆಲ್ಲ ತೆರೆದಿಟ್ಟರು. ಮತ್ತೆ ಅಳೆದಾಗ ಎಂಬತ್ತೈದು. ಮುಂದೆ ಪ್ರಜ್ಞಾ ಎಷ್ಟೋ ಸಲ ಆ ಮನೆಗೆ ಬಂದಳು, ಬಂದಾಗಲೆಲ್ಲ ಸುಮನಾಳ ಜೊತೆ ಮಾತಾಡಿ, ಮಗುವನ್ನು ಆಡಿಸಿ ಹೋದಳು. ಗುರುಶಾಂತಮ್ಮ ಎದುರಿಗೆ ಸಿಕ್ಕರೆ ಚೆನ್ನಾಗಿದ್ದೀರಾ ಅಮ್ಮ ಎನ್ನುತ್ತಾಳೆ, ಉತ್ತರಕ್ಕೆ ನಿಲ್ಲುವುದಿಲ್ಲ.

ಪೈಪು ಬೀದಿಗೆ ಕಾಣುತ್ತದೆ. ಬಂದ ನೆಂಟರೆಲ್ಲ ಅದೇನೆಂದು ಕೇಳುತ್ತಾರೆ. ಗಂಗಾಧರಯ್ಯ ಜಗಲಿಯ ಮೇಲೆ ಕಾಲು ಮಡಿಸಿ ಕೂತು, ಕೇಳುವವರು ನಮ್ಮವರೇ ಎಂದು ಆಚೀಚೆ ನೋಡಿ ಖಾತ್ರಿ ಮಾಡಿಕೊಂಡು, ಹಗೇವಿನಿಂದ ಶುರುಮಾಡುತ್ತಾನೆ. ದೀಪದ ಸಂಗತಿ ಬಿಟ್ಟುಬಿಡುತ್ತಾನೆ, ಏಳುನೂರ ತೊಂಬತ್ತನ್ನು ಬೇಗ ದಾಟಿಸುತ್ತಾನೆ. ಡಬ್ಬಿ ಬಿಚ್ಚಿದ ಕಡೆಗೆ ಬಂದಾಗ ಮಾತ್ರ ದನಿ ತಗ್ಗಿಸಿ, ಬಟ್ಟೆ ಸುತ್ತಿಕೊಂಡ ಕೈಯನ್ನೂ ಅಭಿನಯಿಸಿ ತೋರಿಸುತ್ತಾನೆ. ಮನೆ ಅಂದ ಮೇಲೆ ಹೆಂಗಸು ಹೀಗಿರಬೇಕು ನೋಡಿ ಎನ್ನುತ್ತಾನೆ. ನೆಂಟರು ಹೌದು ಹೌದು ಎಂದು ತಲೆಯಾಡಿಸಿ, ಅಡುಗೆಮನೆಯ ಕಡೆ ಮೆಚ್ಚುಗೆಯಿಂದ ನೋಡುತ್ತಾರೆ. ಅಲ್ಲಿ ಗುರುಶಾಂತಮ್ಮ ಅವರೆಲ್ಲರಿಗೂ ಕಾಫಿ ಬಸಿಯುತ್ತಿರುತ್ತಾಳೆ. ಒಂದು ಮಾತೂ ಬಿಡದೆ ಕೇಳಿಸುತ್ತದೆ.